ಎಚ್‌ಎಎಲ್ ಏರ್‌ಪೋರ್ಟ್ ಮತ್ತೆ ತೆರೆದರೆ ಸಾಲದೇ?

ಪ್ರಶ್ನೆ: ನಾವು ದೊಮ್ಮಲೂರಿನವರು. ನಲವತ್ತು ವರ್ಷದಿಂದ ಇಲ್ಲೇ ಇದ್ದೇವೆ. ಆಗ ಎಚ್‌ಎಎಲ್ ಏರ್‌ಪೋರ್ಟ್‌ಗೆ ಆಟೋದಲ್ಲಿ ಹತ್ತು ನಿಮಿಷ ಸಾಕಿತ್ತು. ಈಗ ಹುಬ್ಬಳ್ಳಿಗೆ ಹಾರುವ ಹೊತ್ತಿಗಿಂತ ದೇವನಹಳ್ಳಿ ಮುಟ್ಟುವುದಕ್ಕೇ ಜಾಸ್ತಿ ಹೊತ್ತು ಬೇಕು. ಕೈಗೆ ಸಿಗುವಷ್ಟು ಹತ್ತಿರ ಇದ್ದ ನಿಲ್ದಾಣವನ್ನು ಯಾಕೆ ಮುಚ್ಚಿದರು? ಈಗ ಕನಕಪುರ ರಸ್ತೆ, ನೆಲಮಂಗಲ ಕಡೆ ಎರಡನೇ ನಿಲ್ದಾಣ ಅಂತಿದ್ದಾರೆ. ಸುಮ್ನೆ ಎಚ್‌ಎಎಲ್ ಅನ್ನೇ ಮತ್ತೆ ತೆರೆದರೆ ಆಗುವುದಿಲ್ಲವೇ? ಇನ್ನೊಂದು ಸಣ್ಣ ಪ್ರಶ್ನೆ. ಎಂಟು ವರ್ಷದ ಮೊಮ್ಮಗನಿಗೆ ವಿಮಾನದ ಹುಚ್ಚು. ಅವನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

ಉತ್ತರ:

ಮೊದಲೇ ಹೇಳಿಬಿಡುತ್ತೇನೆ, ಸಾಲದು. ಎಚ್‌ಎಎಲ್ ತೆರೆದರೆ ಒಂದಿಷ್ಟು ಉಪಯೋಗ ಆಗಬಹುದು. ಆದರೆ ಎರಡನೇ ನಿಲ್ದಾಣ ಹೊರಬೇಕಾದ ಭಾರವನ್ನು ಅದು ಹೊರಲಾರದು. ಯಾಕೆಂದರೆ ಎಚ್‌ಎಎಲ್ ನಿಲ್ದಾಣ ಯಾವತ್ತೂ ಬೆಂಗಳೂರಿನ ಸ್ವಂತದ್ದಾಗಿರಲಿಲ್ಲ. ಅದು ಒಂದು ಕಾರ್ಖಾನೆಯ ರನ್‌ವೇ. ಊರು ಅದನ್ನು ದಶಕಗಟ್ಟಲೆ ಕೈಗಡ ತಗೊಂಡು ಬಳಸಿತು, ಅಷ್ಟೇ. ನಮಗೆಲ್ಲ ಅದು ಎಷ್ಟು ರೂಢಿಯಾಗಿತ್ತು ಅಂದರೆ, ಕೈಗಡ ಅನ್ನುವುದೇ ಮರೆತುಹೋಗಿತ್ತು.

ಕಥೆ ಶುರುವಾಗುವುದು 1940ರಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ಭಾರತದಲ್ಲಿ ವಿಮಾನ ಕಾರ್ಖಾನೆ ಕಟ್ಟುವ ಆಸೆ. ಜಾಗ ಹುಡುಕುತ್ತಿದ್ದರು. ಮೈಸೂರು ಸಂಸ್ಥಾನ ಮುಂದೆ ಬಂತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಸಂಸ್ಥಾನ ಬೆಂಗಳೂರಿನ ಪೂರ್ವಕ್ಕೆ ಜಮೀನು ಕೊಟ್ಟಿತು. 25 ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಅದೇ ಇವತ್ತಿನ ಎಚ್‌ಎಎಲ್. ವಿಮಾನ ಕಟ್ಟಿದ ಮೇಲೆ ಹಾರಿಸಿ ನೋಡಬೇಕಲ್ಲ, ಅದಕ್ಕೊಂದು ರನ್‌ವೇ ಬೇಕಾಯಿತು. ನೀವು ನೋಡುತ್ತಾ ಬಂದ ಆ ನಿಲ್ದಾಣದ ಮೂಲ ಇದು. ಪ್ರಯಾಣಿಕರ ಮಾತೇ ಅಲ್ಲಿ ಇರಲಿಲ್ಲ.

ಎರಡನೇ ಮಹಾಯುದ್ಧ ಜೋರಾಗುತ್ತಿದ್ದಂತೆ ಕಾರ್ಖಾನೆಯ ಉಸ್ತುವಾರಿ ಅಮೆರಿಕದ ಸೇನೆಯ ಕೈಗೆ ಹೋಯಿತು. ಏಷ್ಯಾದ ಈ ಭಾಗದಲ್ಲಿ ಹಾರುತ್ತಿದ್ದ ಅವರ ವಿಮಾನಗಳು ರಿಪೇರಿಗೆ ಬೆಂಗಳೂರಿಗೆ ಬರತೊಡಗಿದವು. ಅವುಗಳಲ್ಲಿ ಕ್ಯಾಟಲಿನಾ ಅನ್ನುವ ಜಾತಿಯೂ ಇತ್ತು. ಅದರ ಹೊಟ್ಟೆ ದೋಣಿಯ ಹಾಗೆ. ನೀರಿನ ಮೇಲೆ ಇಳಿಯುತ್ತದೆ. ಅವು ಇಳಿಯುತ್ತಿದ್ದದ್ದು ಎಲ್ಲಿ ಗೊತ್ತೇ? ಬೆಳ್ಳಂದೂರು ಕೆರೆಯಲ್ಲಿ. ಇವತ್ತು ನೊರೆ, ಬೆಂಕಿ ಅಂದರೆ ನೆನಪಾಗುವ ಅದೇ ಕೆರೆ. ಆ ಕೆರೆಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಆ ಚಿತ್ರವೇ ಕಣ್ಣಿಗೆ ಕಟ್ಟುತ್ತದೆ. ತಿಳಿನೀರು, ಅದನ್ನು ಸೀಳುತ್ತಾ ಬಂದು ನಿಲ್ಲುವ ಒಂದು ದೊಡ್ಡ ವಿಮಾನ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಈಗಿನ ಕರ್ನಾಟಕಕ್ಕೆ ಟಾಟಾ ಅವರ ಟಪಾಲು ವಿಮಾನ ಬಂದದ್ದು 1932ರಲ್ಲಿ, ಬೆಂಗಳೂರಿಗಲ್ಲ, ಬಳ್ಳಾರಿಗೆ. ಕರಾಚಿಯಿಂದ ಮುಂಬೈ, ಅಲ್ಲಿಂದ ಬಳ್ಳಾರಿ, ಆಮೇಲೆ ಮದ್ರಾಸು. ಆ ದಾರಿಯಲ್ಲಿ ಬೆಂಗಳೂರು ಇರಲೇ ಇಲ್ಲ. ಬಳ್ಳಾರಿಯವರು ಇದನ್ನು ಇನ್ನೂ ಹೆಮ್ಮೆಯಿಂದ ಹೇಳಿಕೊಳ್ಳಬೇಕು ಅಂತ ನನ್ನ ಆಸೆ.

ಸ್ವಾತಂತ್ರ್ಯದ ನಂತರ ಕಾರ್ಖಾನೆಯ ರನ್‌ವೇ ಪಕ್ಕದಲ್ಲಿ ಜನರಿಗಾಗಿ ಒಂದು ಟರ್ಮಿನಲ್ ಎದ್ದಿತು. ಇಂಥದ್ದಕ್ಕೆ ನಮ್ಮ ಕೆಲಸದಲ್ಲಿ ಸಿವಿಲ್ ಎನ್‌ಕ್ಲೇವ್ ಅನ್ನುತ್ತೇವೆ. ಅಂದರೆ ಬೇರೆಯವರ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಬಿಟ್ಟುಕೊಟ್ಟ ಒಂದು ಮೂಲೆ. ರನ್‌ವೇ ಎಚ್‌ಎಎಲ್‌ದು. ಟರ್ಮಿನಲ್ ವಿಮಾನ ನಿಲ್ದಾಣ ಪ್ರಾಧಿಕಾರದ್ದು. ಅದೇ ರನ್‌ವೇಯಿಂದ 1961ರಲ್ಲಿ ಮಾರುತ್ ಯುದ್ಧ ವಿಮಾನ ಮೊದಲ ಸಲ ಹಾರಿತು. 2001ರ ಜನವರಿ 4ರಂದು, ಮುಂದೆ ತೇಜಸ್ ಅಂತ ಹೆಸರು ಪಡೆದ ಹಗುರ ಯುದ್ಧ ವಿಮಾನವೂ ಅಲ್ಲಿಂದಲೇ ಮೇಲೆದ್ದಿತು. ಮುಂಬೈಗೆ ಹೊರಟ ನೀವು, ಪರೀಕ್ಷೆಗೆ ಹೊರಟ ಒಂದು ಯುದ್ಧ ವಿಮಾನ, ಒಬ್ಬರ ಹಿಂದೆ ಒಬ್ಬರು ಒಂದೇ ಕ್ಯೂನಲ್ಲಿ. ಬೇರೆ ದೊಡ್ಡ ಊರುಗಳಲ್ಲಿ ಇಂಥದ್ದು ಅಪರೂಪ.

ದೊಮ್ಮಲೂರಿನವರಾದ ನೀವು ಒಂದು ಗಮನಿಸಿರಬಹುದು. ಮಳೆಗಾಲದಲ್ಲಿ ವಿಮಾನಗಳು ನಿಮ್ಮ ಕಡೆಗೆ ಏರುತ್ತಾ ಬರುತ್ತಿದ್ದವು. ಚಳಿಗಾಲದಲ್ಲಿ ನಿಮ್ಮ ತಲೆಯ ಮೇಲಿನಿಂದ ಇಳಿಯುತ್ತಿದ್ದವು. ಇದಕ್ಕೆ ಕಾರಣ ಗಾಳಿ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಆಗ ಕಡಿಮೆ ಓಟದಲ್ಲಿ ಕೆಲಸ ಆಗುತ್ತದೆ. ಬೆಂಗಳೂರಿನಲ್ಲಿ ಮುಂಗಾರಿನಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ. ಹಾಗಾಗಿ ಎಚ್‌ಎಎಲ್ ರನ್‌ವೇಯನ್ನು ಪೂರ್ವ–ಪಶ್ಚಿಮವಾಗಿ ಹಾಕಿದ್ದಾರೆ. ದೇವನಹಳ್ಳಿಯಲ್ಲೂ ಅದೇ ದಿಕ್ಕು. ರನ್‌ವೇಯ ಎರಡು ತುದಿಗಳಲ್ಲಿ 09, 27 ಅಂತ ದೊಡ್ಡದಾಗಿ ಬರೆದಿರುತ್ತಾರೆ. ದಿಕ್ಸೂಚಿಯ 90 ಡಿಗ್ರಿ, 270 ಡಿಗ್ರಿ ಅಂತ ಅದರ ಅರ್ಥ. ಮೊಮ್ಮಗನಿಗೆ ಹೇಳಿ, ಖುಷಿಪಡುತ್ತಾನೆ.

1990ರ ಫೆಬ್ರವರಿ 14 ನಿಮಗೂ ನೆನಪಿರುತ್ತದೆ. ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿದ್ದಿತು. 146 ಜನರಲ್ಲಿ 92 ಜನ ತೀರಿಕೊಂಡರು. ಆ ಅಪಘಾತಕ್ಕೆ ನಿಲ್ದಾಣ ಕಾರಣ ಅಲ್ಲ. ಆದರೆ ಊರು ರನ್‌ವೇಗೆ ಎಷ್ಟು ಒತ್ತಿಕೊಂಡು ಬಂದಿದೆ ಅನ್ನುವುದು ಅವತ್ತು ಎಲ್ಲರ ಕಣ್ಣಿಗೂ ಬಿತ್ತು. ಅಲ್ಲಿ ಆ ಮೈದಾನ ಇಲ್ಲದೆ ಮನೆಗಳೇ ಇದ್ದಿದ್ದರೆ?

ಮರುವರ್ಷ, 1991ರಲ್ಲಿ, ಹೊಸ ನಿಲ್ದಾಣಕ್ಕೆ ಜಾಗ ನೋಡಲು ಸಮಿತಿ ಆಯಿತು. ಅದು ಗುರುತಿಸಿದ್ದು ದೇವನಹಳ್ಳಿ. ಅಂದರೆ ಐಟಿ ಕಂಪನಿಗಳ ಅಬ್ಬರ ಶುರುವಾಗುವ ಮೊದಲೇ ನಮಗೆ ಉತ್ತರ ಗೊತ್ತಿತ್ತು. ಗೊತ್ತಿದ್ದೂ ವಿಮಾನ ಇಳಿಯಲು 17 ವರ್ಷ ಹಿಡಿಯಿತು. ಇದು ನನಗೆ ಇವತ್ತಿಗೂ ಸಂಕಟ ಕೊಡುವ ಸಂಗತಿ.

ಮಧ್ಯೆ ಏನಾಯಿತು ಅಂದರೆ, 1995ರ ಡಿಸೆಂಬರ್‌ನಲ್ಲಿ ಟಾಟಾ, ಅಮೆರಿಕದ ರೇಥಿಯಾನ್, ಸಿಂಗಪುರದ ಚಾಂಗಿ ನಿಲ್ದಾಣ ಸೇರಿದ ಗುಂಪಿನ ಜೊತೆ ರಾಜ್ಯ ಸರ್ಕಾರ ಒಪ್ಪಂದ ಮಾಡಿಕೊಂಡಿತು. ಕೇಂದ್ರದ ಒಪ್ಪಿಗೆ ತಡವಾಗುತ್ತಾ ಹೋಯಿತು. ಎಚ್‌ಎಎಲ್ ಗತಿ ಏನು ಅನ್ನುವ ಜಗಳ ಮುಗಿಯಲಿಲ್ಲ. 1998ರಲ್ಲಿ ಆ ಗುಂಪು ಸಾಕಪ್ಪಾ ಅಂತ ಕೈಬಿಟ್ಟಿತು. ಮತ್ತೆ ಮೊದಲಿನಿಂದ ಶುರು. ಕೇಂದ್ರದ ಪ್ರಾಧಿಕಾರ 13%, ರಾಜ್ಯದ ಕೈಗಾರಿಕಾ ನಿಗಮ ಕೆಎಸ್‌ಐಐಡಿಸಿ 13%, ಉಳಿದದ್ದು ಖಾಸಗಿಯವರದ್ದು ಅಂತ ಲೆಕ್ಕ ಆಯಿತು. 2001ರಲ್ಲಿ ಹೊಸ ನಿಲ್ದಾಣ ಕಟ್ಟಿ ನಡೆಸಲು ಬಿಐಎಎಲ್ ಕಂಪನಿ ರೂಪುಗೊಂಡಿತು. ಸೀಮೆನ್ಸ್, ಎಲ್ ಅಂಡ್ ಟಿ, ಜ್ಯೂರಿಕ್ ನಿಲ್ದಾಣ ಪಾಲುದಾರರಾದವು. 2004ರ ಜುಲೈನಲ್ಲಿ ಕೇಂದ್ರದ ಜೊತೆ ಕರಾರಿಗೆ ಸಹಿ ಬಿತ್ತು. ಕಟ್ಟಡದ ಕೆಲಸ ಶುರುವಾದದ್ದು 2005ರ ಜುಲೈನಲ್ಲಿ. ಪಾಲುದಾರರು ಆಮೇಲೆ ಬದಲಾದರು. ಈಗ ದೊಡ್ಡ ಪಾಲು ಕೆನಡಾದ ಫೇರ್‌ಫ್ಯಾಕ್ಸ್ ಗುಂಪಿನದು.

ಆ ಹೊತ್ತಿಗೆ ಎಚ್‌ಎಎಲ್ ಪಾಡು ನೀವು ಕಣ್ಣಾರೆ ನೋಡಿದ್ದೀರಿ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಶುರುವಾಗಿ, ಬಸ್ಸು ರೈಲು ಮಾತ್ರ ಗೊತ್ತಿದ್ದ ಮನೆಗಳವರೂ ವಿಮಾನ ಹತ್ತತೊಡಗಿದರು. ಮನೆಮಂದಿಯೆಲ್ಲ ಕಳಿಸಲು ಬರುವುದು, ಡಬ್ಬಿಯಲ್ಲಿ ಚಿತ್ರಾನ್ನ, ಬಾಗಿಲ ಹೊರಗೆ ಕಾಲಿಡಲು ಜಾಗ ಇಲ್ಲ. ಚೆಕ್ ಇನ್ ಸಾಲು ಎಲ್ಲಿ ಮುಗಿಯುತ್ತದೆ, ಸೆಕ್ಯುರಿಟಿ ಸಾಲು ಎಲ್ಲಿ ಶುರು ಅಂತ ಗೊತ್ತಾಗುತ್ತಿರಲಿಲ್ಲ. ಮೇಲೆ ವಿಮಾನಗಳು ಇಳಿಯಲು ಜಾಗ ಸಿಗದೆ ಸುತ್ತು ಹೊಡೆಯುತ್ತಿದ್ದವು. ಕೊನೆಯ ವರ್ಷದಲ್ಲಿ ಸುಮಾರು 1 ಕೋಟಿ ಜನ ಆ ಪುಟ್ಟ ಟರ್ಮಿನಲ್‌ನಲ್ಲಿ ಹಾದುಹೋದರು. ಹತ್ತಿರ ಇತ್ತು ನಿಜ. ಆದರೆ ಚೆನ್ನಾಗಿತ್ತು ಅಂತ ನೆನೆಯುವಾಗ ಆ ಸಾಲುಗಳನ್ನೂ ಒಮ್ಮೆ ನೆನೆಯಬೇಕು, ಅಲ್ವಾ?

ಈಗ ನಿಮ್ಮ ಮೊದಲ ಪ್ರಶ್ನೆ, ಯಾಕೆ ಮುಚ್ಚಿದರು. ಉತ್ತರ 2004ರ ಆ ಕರಾರಿನಲ್ಲಿದೆ. ಖಾಸಗಿಯವರು ದೊಡ್ಡ ದುಡ್ಡು ಹಾಕಿ ಊರಿಂದ ಸುಮಾರು 35 ಕಿ.ಮೀ. ದೂರದಲ್ಲಿ ನಿಲ್ದಾಣ ಕಟ್ಟಬೇಕು. ಹತ್ತಿರದ ಹಳೆಯದೂ ಓಡುತ್ತಿದ್ದರೆ ಅಲ್ಲಿಗೆ ಯಾರು ಹೋಗುತ್ತಾರೆ? ಸಾಲ ಕೊಡುವ ಬ್ಯಾಂಕಿನವರು ಕೇಳುವ ಮೊದಲ ಪ್ರಶ್ನೆಯೇ ಅದು. ಅದಕ್ಕೇ ಎರಡು ಷರತ್ತು ಬಂದವು. ಹೊಸದು ತೆರೆದ ದಿನ ಎಚ್‌ಎಎಲ್‌ನಲ್ಲಿ ವೇಳಾಪಟ್ಟಿ ವಿಮಾನಗಳು ನಿಲ್ಲಬೇಕು. ಇನ್ನು 25 ವರ್ಷ, 150 ಕಿ.ಮೀ. ದೂರದೊಳಗೆ ಬೇರೆ ನಿಲ್ದಾಣ ಬೆಳೆಯಬಾರದು. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ಕಟುವಾದ ಷರತ್ತು ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಆಗ ಅದಿಲ್ಲದೆ ದೇವನಹಳ್ಳಿ ನಿಲ್ದಾಣ ಏಳುತ್ತಿರಲಿಲ್ಲ.

2008ರ ಮಾರ್ಚ್ ಕೊನೆಗೆ ತೆರೆಯಬೇಕಿತ್ತು. ಮೇ 11ಕ್ಕೆ ಹೋಯಿತು. ಕೊನೆಗೆ ಮೇ 24ಕ್ಕೆ ನಿಂತಿತು. ಎಚ್‌ಎಎಲ್ ಮುಚ್ಚಬೇಡಿ ಅಂತ ಊರಲ್ಲಿ ಪ್ರತಿಭಟನೆಗಳೂ ನಡೆದವು. ಆ ನಡುರಾತ್ರಿ ಒಂದು ಊರಿನ ಇಡೀ ವಿಮಾನ ಸಂಚಾರ ಎತ್ತಂಗಡಿ ಆಯಿತು. ಮುಂಬೈಯಿಂದ ಬಂದ ಏರ್ ಇಂಡಿಯಾದ ಒಂದು ವಿಮಾನಕ್ಕೆ 23ರ ರಾತ್ರಿಯೇ ಹೊಸ ನಿಲ್ದಾಣದಲ್ಲಿ ಇಳಿಯಲು ಬಿಟ್ಟರು. ಹನ್ನೆರಡು ದಾಟಿದ ಮೇಲೆ ಅದು ಸಿಂಗಪುರಕ್ಕೆ ಹೊರಡಬೇಕಿತ್ತು. ಹಳೇ ನಿಲ್ದಾಣಕ್ಕೆ ಇಳಿದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಟರ್ಮಿನಲ್ ಮಾತ್ರ ತೆರೆದ ದಿನವೇ ಸಣ್ಣದು ಅನ್ನಿಸಿತು. ಮೊದಲ ನಕ್ಷೆ ವರ್ಷಕ್ಕೆ 45–50 ಲಕ್ಷ ಜನರ ಲೆಕ್ಕದ್ದು. ಕೆಲಸ ನಡೆಯುತ್ತಿರುವಾಗಲೇ ಅದನ್ನು ತಿದ್ದಿ 1 ಕೋಟಿ ದಾಟುವ ಹಾಗೆ ಹಿಗ್ಗಿಸಿದರು. 2013ರ ಡಿಸೆಂಬರ್‌ನಲ್ಲಿ ಅದೇ ಟರ್ಮಿನಲ್ ಎರಡರಷ್ಟಾಯಿತು. ಆಗಲೇ ಕೆಂಪೇಗೌಡರ ಹೆಸರು ಬಂತು. ಕೆಂಪೇಗೌಡರ ಪೂರ್ವಿಕರು ನೆಲೆ ನಿಂತ ಆವತಿ ಇರುವುದು ದೇವನಹಳ್ಳಿಯ ಪಕ್ಕದಲ್ಲೇ. ಆ ಹೆಸರು ಅಲ್ಲಿ ಹೊರಗಿನಿಂದ ತಂದು ಅಂಟಿಸಿದ್ದಲ್ಲ, ಆ ಮಣ್ಣಿನದೇ.

ದೇವನಹಳ್ಳಿಯಲ್ಲಿ ನಾವು ಸರಿಯಾಗಿ ಮಾಡಿದ ದೊಡ್ಡ ಕೆಲಸ ಒಂದಿದೆ. ಜಾಗ. ಸುಮಾರು 4,000 ಎಕರೆಯನ್ನು ಮೊದಲೇ ತೆಗೆದಿಟ್ಟರು. ಎರಡು ರನ್‌ವೇ ಎಲ್ಲಿ ಬರಬೇಕು, ಅವುಗಳ ನಡುವೆ ಟರ್ಮಿನಲ್‌ಗಳು ಎಲ್ಲಿ ಬರಬೇಕು ಅಂತ ಗುರುತು ಮಾಡಿದರು. ಕಟ್ಟಡ ಸಣ್ಣದಾದರೆ ಹಿಗ್ಗಿಸಬಹುದು. ಜಾಗ ಸಣ್ಣದಾದರೆ ಏನೂ ಮಾಡಲಾಗುವುದಿಲ್ಲ. ಮುಂಬೈ ನೋಡಿ, ಅಲ್ಲಿನ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಎರಡನ್ನೂ ಒಟ್ಟಿಗೆ ಓಡಿಸುವ ಹಾಗಿಲ್ಲ. ಪಕ್ಕಕ್ಕೆ ಸರಿಯೋಣ ಅಂದರೆ ಜಾಗ ಇಲ್ಲ.

ಈ ಎಕರೆಗಳ ಲೆಕ್ಕ ಹೇಳುವಾಗ ನನಗೆ ಅಲ್ಲಿದ್ದ ರಾಗಿ ಹೊಲ, ದ್ರಾಕ್ಷಿ ತೋಟ, ಚಕ್ಕೋತ ಮರಗಳು ನೆನಪಾಗುತ್ತವೆ. ದೇವನಹಳ್ಳಿ ಚಕ್ಕೋತಕ್ಕೆ ಜಿಐ ಮಾನ್ಯತೆಯೂ ಇದೆ. ಆ ಜಮೀನು ಬಿಟ್ಟುಕೊಟ್ಟವರ ಬೆನ್ನ ಮೇಲೆ ಈ ನಿಲ್ದಾಣ ನಿಂತಿದೆ. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗಾಗಿ 1,777 ಎಕರೆ ತೆಗೆಯಲು ಹೊರಟಾಗ ರೈತರು ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಮುಂದಿನ ನಿಲ್ದಾಣಕ್ಕೆ ಜಾಗ ಹುಡುಕುವವರು ಈ ಧರಣಿಯನ್ನು ಮರೆಯಬಾರದು.

ದಕ್ಷಿಣದ ಎರಡನೇ ರನ್‌ವೇ 2019ರ ಡಿಸೆಂಬರ್‌ನಲ್ಲಿ ಶುರುವಾಯಿತು. ಜನ ಟರ್ಮಿನಲ್ 2ರ ಬಿದಿರಿನ ಚಾವಣಿ, ತೂಗುವ ಗಿಡಗಳ ಫೋಟೋ ತೆಗೆಯುತ್ತಾರೆ. ಅದು ಚೆಂದವೇ. 2022ರ ನವೆಂಬರ್ 11ರಂದು ಅದರ ಉದ್ಘಾಟನೆ ಆಯಿತು, ಅವತ್ತೇ 108 ಅಡಿಯ ಕೆಂಪೇಗೌಡರ ಪ್ರತಿಮೆಯದೂ ಆಯಿತು. ಆದರೆ ನನ್ನನ್ನು ಕೇಳಿದರೆ, ಆ ರನ್‌ವೇಯೇ ದೊಡ್ಡ ಹೆಮ್ಮೆ. ಎರಡೂ ರನ್‌ವೇಗಳು ತಲಾ 4,000 ಮೀಟರ್ ಉದ್ದ. ಎಚ್‌ಎಎಲ್‌ದು ಸುಮಾರು 3,300. ಇಷ್ಟು ಉದ್ದ ಯಾಕೆ ಬೇಕು? ನಾವು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿದ್ದೇವೆ. ಇಲ್ಲಿ ಗಾಳಿ ತೆಳು. ರೆಕ್ಕೆಗೆ ಸಿಗುವ ಆಸರೆ ಕಡಿಮೆ, ಎಂಜಿನ್ ಬಲವೂ ಕಡಿಮೆ. ಹಾಗಾಗಿ ಅದೇ ವಿಮಾನ ಅದೇ ಭಾರ ಹೊತ್ತು ಏರಲು ಚೆನ್ನೈಗಿಂತ ಇಲ್ಲಿ ಜಾಸ್ತಿ ದೂರ ಓಡಬೇಕು. ದೂರದೂರಿಗೆ ಟ್ಯಾಂಕು ತುಂಬಿಸಿಕೊಂಡು ಹೊರಡುವ ವಿಮಾನಕ್ಕಂತೂ ಒಂದೊಂದು ಮೀಟರೂ ಬೇಕು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾ ಎಲ್ಲೂ ನಿಲ್ಲದೆ ಹಾರಿ ಬಂದಿತು. ಸುಮಾರು 14,000 ಕಿ.ಮೀ. ಕಾಕ್‌ಪಿಟ್‌ನಲ್ಲಿದ್ದ ಎಲ್ಲ ಪೈಲಟ್‌ಗಳೂ ಹೆಣ್ಣುಮಕ್ಕಳು.

ಮಂಜಿನ ಮಾತೂ ಇದೆ. ದೇವನಹಳ್ಳಿಯ ಚಳಿಗಾಲದ ಬೆಳಗು ನೀವು ನೋಡಿರಬಹುದು. ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ತೇವದ ಗಾಳಿ ಮಂಜಾಗುತ್ತದೆ. ಐದು ಗಂಟೆಗೆ ನಿಂತ ವಿಮಾನದ ಮೂಗು ಕಂಡರೆ ಬಾಲ ಕಾಣುವುದಿಲ್ಲ. ಬೆಳಗಿನ ಹೊತ್ತೇ ವಿಮಾನಗಳ ಸಂದಣಿ ಬೇರೆ. ಮೊದಮೊದಲು ಇಂಥ ದಿನ ಎಷ್ಟೋ ವಿಮಾನಗಳು ಚೆನ್ನೈ, ಹೈದರಾಬಾದಿಗೆ ತಿರುಗಿ ಹೋಗುತ್ತಿದ್ದವು. ದಕ್ಷಿಣ ರನ್‌ವೇಗೆ ಕ್ಯಾಟ್ 3ಬಿ ಅನ್ನುವ ವ್ಯವಸ್ಥೆ ಕೂಡಿಸಿದ ಮೇಲೆ, 50 ಮೀಟರ್‌ನಷ್ಟು ಮಾತ್ರ ಕಣ್ಣಿಗೆ ಕಂಡರೂ ತರಬೇತಾದ ಪೈಲಟ್‌ಗಳು ಇಳಿಸಬಲ್ಲರು.

ಇಷ್ಟೆಲ್ಲ ಇದ್ದರೂ 2024–25ರಲ್ಲಿ ಇಲ್ಲಿ ಸುಮಾರು 4.19 ಕೋಟಿ ಜನ ಓಡಾಡಿದರು. ಎಚ್‌ಎಎಲ್‌ನ ಕೊನೆಯ ವರ್ಷಕ್ಕಿಂತ ನಾಲ್ಕು ಪಟ್ಟು. ಎಚ್‌ಎಎಲ್ ಯಾಕೆ ಸಾಲದು ಅನ್ನುವುದಕ್ಕೆ ಈ ಒಂದು ಅಂಕಿಯೇ ಸಾಕು. ಅಲ್ಲಿರುವುದು ಒಂದೇ ರನ್‌ವೇ. ಎರಡನೆಯದಕ್ಕೆ ಜಾಗ ಇಲ್ಲ. ಇರುವ ಒಂದರಲ್ಲೂ ತೇಜಸ್ ಪರೀಕ್ಷೆ, ಹೆಲಿಕಾಪ್ಟರ್, ವಾಯುಪಡೆ, ವಿಐಪಿ ವಿಮಾನ, ಖಾಸಗಿ ಜೆಟ್‌ಗಳು ಇದ್ದೇ ಇವೆ. ದೇಶದ ರಕ್ಷಣೆಯ ಕೆಲಸವನ್ನು ಪಕ್ಕಕ್ಕೆ ಸರಿಸಿ ದೆಹಲಿಯ ಬೆಳಗಿನ ವಿಮಾನಕ್ಕೆ ಜಾಗ ಕೊಡಿ ಅನ್ನಲು ಆಗುವುದಿಲ್ಲ. 2008ರ ನಂತರ ಸುತ್ತಲೂ ಎದ್ದ ಅಪಾರ್ಟ್‌ಮೆಂಟ್‌ಗಳು, ಈಗಲೇ ಉಸಿರುಗಟ್ಟಿರುವ ಹಳೇ ಏರ್‌ಪೋರ್ಟ್ ರಸ್ತೆ, ಇವೂ ಇವೆ. ಹುಬ್ಬಳ್ಳಿ, ಕಲಬುರಗಿ, ಬೀದರ್ ಕಡೆಗೆ ಹೋಗುವ ಸಣ್ಣ ವಿಮಾನಗಳಿಗೆ ದಿನಕ್ಕೆ ಕೆಲವು ಹೊತ್ತು ಬಿಟ್ಟುಕೊಡಬಹುದು. ಹುಬ್ಬಳ್ಳಿಗೆ ಹೋಗುವ ನಿಮ್ಮಂಥವರಿಗೆ ಅದು ದೊಡ್ಡ ಉಪಕಾರ. ಅದಕ್ಕೂ ಬಿಐಎಎಲ್ ಜೊತೆಗಿನ ಕರಾರನ್ನು ಮಾತಾಡಿಕೊಂಡು ಸಡಿಲಿಸಬೇಕು.

ಆ 25 ವರ್ಷ ಮುಗಿಯುವುದು 2033ರ ಮೇನಲ್ಲಿ. ಅದಕ್ಕೇ ಈಗ ಗಡಿಬಿಡಿ. ರಾಜ್ಯ ಸರ್ಕಾರ ಕನಕಪುರ ರಸ್ತೆ ಕಡೆ ಎರಡು, ನೆಲಮಂಗಲ–ಕುಣಿಗಲ್ ರಸ್ತೆ ಕಡೆ ಒಂದು ಜಾಗ ಗುರುತಿಸಿದೆ. ಪ್ರಾಧಿಕಾರದ ತಂಡ 2025ರ ಏಪ್ರಿಲ್‌ನಲ್ಲಿ ಬಂದು ನೋಡಿದೆ. ಆ ಕಡೆ ತಮಿಳುನಾಡು ಹೊಸೂರಿನಲ್ಲಿ 2,000 ಎಕರೆಯ ನಿಲ್ದಾಣ ಮಾಡುತ್ತೇವೆ ಅಂತ 2024ರಲ್ಲೇ ಘೋಷಿಸಿದೆ. ಹೊಸೂರು ನಮ್ಮ ಎಲೆಕ್ಟ್ರಾನಿಕ್ ಸಿಟಿಗೆ ದೇವನಹಳ್ಳಿಗಿಂತ ಎಷ್ಟೋ ಹತ್ತಿರ.

ಯಾವ ಜಾಗ ಗೆದ್ದರೂ ನಾನು ಕೇಳುವ ಪ್ರಶ್ನೆ ಎರಡೇ. ಎರಡು ಸಮಾನಾಂತರ ರನ್‌ವೇ ಪೂರ್ವ–ಪಶ್ಚಿಮವಾಗಿ ಹಿಡಿಸುತ್ತವೆಯೇ, ಅಲ್ಲಿ ಗುಡ್ಡ ಅಡ್ಡ ಬರುತ್ತದೆಯೇ? ಕನಕಪುರದ ಕಡೆ ಬಂಡೆಗುಡ್ಡಗಳು ಜಾಸ್ತಿ, ಇದನ್ನು ಚೆನ್ನಾಗಿ ಅಳೆಯಬೇಕು. ಎರಡನೆಯದು, ರೈಲು ಯಾವಾಗ? ದೇವನಹಳ್ಳಿಯಲ್ಲಿ ನಾವು ಮಾಡಿದ ದೊಡ್ಡ ತಪ್ಪು ಇದೇ. ನಿಲ್ದಾಣ 2008ರಲ್ಲಿ ತೆರೆಯಿತು. ಹೆಬ್ಬಾಳದಿಂದ ಮೇಲ್ಸೇತುವೆ ರಸ್ತೆ ಪೂರ್ತಿಯಾದದ್ದು 2014ರಲ್ಲಿ. ಪುಟ್ಟ ರೈಲು ನಿಲುಗಡೆ ಬಂದದ್ದು 2021ರಲ್ಲಿ. ನಮ್ಮ ಮೆಟ್ರೋದ ನೀಲಿ ಮಾರ್ಗದ ಕೆಲಸ ಇನ್ನೂ ನಡೆಯುತ್ತಿದೆ. ಇಷ್ಟು ವರ್ಷ ಜನರನ್ನು ಹೊತ್ತದ್ದು ಬಿಎಂಟಿಸಿಯ ವಾಯು ವಜ್ರ ಬಸ್ಸುಗಳು ಮತ್ತು ಟ್ಯಾಕ್ಸಿಗಳು. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ನಿಲ್ದಾಣ ಇರುವ ದೂರದ ಮೇಲಲ್ಲ, ಆ ದೂರಕ್ಕೆ ರೈಲು ಹಾಕದೆ ಬಿಟ್ಟದ್ದರ ಮೇಲೆ ಇರಬೇಕು.

ಇನ್ನು ಮೊಮ್ಮಗನ ವಿಷಯ. ದೂರ ಎಲ್ಲೂ ಹೋಗಬೇಡಿ. ನಿಮ್ಮ ಮನೆ ಹತ್ತಿರವೇ, ವಿಮಾನಪುರದಲ್ಲಿ, ಎಚ್‌ಎಎಲ್ ಪಾರಂಪರಿಕ ಕೇಂದ್ರ ಇದೆ. ಕಾರ್ಖಾನೆಯ ಆವರಣದ ಪಕ್ಕದ ಮ್ಯೂಸಿಯಂ ಅದು. ಮಾರುತ್ ಅನ್ನು ಅಲ್ಲಿ ಹತ್ತಿರದಿಂದ ನೋಡಬಹುದು, ಸುತ್ತಲೂ ನಡೆದು ನೋಡಬಹುದು. ಬಯಲಲ್ಲಿ ಇನ್ನೂ ಹಲವು ಹಳೆಯ ವಿಮಾನಗಳಿವೆ. ಮರದ ನೆರಳೂ ಇದೆ, ನಿಮಗೂ ಕೂರಲು ಅನುಕೂಲ. ಸ್ವಲ್ಪ ಹೊತ್ತು ಕಿವಿಗೊಟ್ಟು ಕಾಯಿರಿ. ನಿಮ್ಮ ಹಳೇ ರನ್‌ವೇಯಿಂದ ಒಂದು ಯುದ್ಧ ವಿಮಾನವೋ ಹೆಲಿಕಾಪ್ಟರೋ ಏಳುವ ಸದ್ದು ಕೇಳಿದರೂ ಕೇಳೀತು. ಆಗ ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ಅವನನ್ನು ಕೇಳಿ.